ಬಟ್ಟೆ ಸಮೇತ

ಮೂಗೂರಿನ ಮಹದೇವಮ್ಮ ಗಂಡನ ಜೊತೆ ಮೂವತ್ತು ವರ್ಷ ಮಾತು ಬಿಟ್ಟಿದ್ದಳು ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ರೇಷನ್ ಅಕ್ಕಿಯ ಬಗ್ಗೆ ಮಾತಾಡುತ್ತಿದ್ದಳು, ಕರೆಂಟು ಹೋದದ್ದರ ಬಗ್ಗೆ, ಮಗನ ಸ್ಕೂಲಿನ ಬಗ್ಗೆ, ಹಸು ಹಾಲು ಕಮ್ಮಿ ಮಾಡಿದ್ದರ ಬಗ್ಗೆ ಎಲ್ಲ ಮಾತಾಡುತ್ತಿದ್ದಳು. ಬಿಟ್ಟಿದ್ದು ಒಂದೇ ಒಂದು ಮಾತು. ಆದರೆ ಸಂಸಾರದಲ್ಲಿ ಆಡಬೇಕಾದ ಒಂದು ಮಾತು ಬಿಟ್ಟರೆ, ಉಳಿದ ಸಾವಿರ ಮಾತು ಆಡಿದರೂ ಮನೆ ಬಿಕೋ ಎನ್ನುತ್ತದೆ. ಅದು ಬಿಟ್ಟವರಿಗೇ ಗೊತ್ತು.

ಆ ಮಾತು ರಾಣಿಯದು. ರಾಣಿ ಅವಳ ಚೊಚ್ಚಲ ಮಗಳು. ಎರಡೂವರೆ ವರ್ಷ ಬದುಕಿ, ಒಂದು ಪುಷ್ಯ ಮಾಸದಲ್ಲಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಮೂರು ತುಂಬಿದ ಮೇಲೆ ನರಸೀಪುರದ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೋ ಹಿಡಿಸೋಣ, ಅಷ್ಟರಲ್ಲಿ ಕೂದಲೂ ಜಡೆ ಹಾಕುವಷ್ಟು ಬಂದಿರುತ್ತದೆ ಎಂದು ಗಂಡ ಹೆಂಡತಿ ಅಂದುಕೊಂಡಿದ್ದರು. ಹಾಗಾಗಿ ಫೋಟೋ ಎಂದು ಒಂದೂ ಉಳಿಯಲಿಲ್ಲ. ಉಳಿದದ್ದು ಒಂದು ಬಟ್ಟೆಯ ಮೇಲೆ ಒತ್ತಿದ ಅಂಗೈ ಗುರುತು, ಅಷ್ಟೇ.

ಅದರ ಕಥೆ ಹೀಗೆ. ಗಂಡ ಪುಟ್ಟಬಸವಯ್ಯನ ಮನೆಯ ದೇವರ ಗೂಡಿನಲ್ಲಿ ಹಿಂದಿನವರಿಂದ ಬಂದ ಒಂದು ಓಲೆಗರಿ ಕಟ್ಟು ಇತ್ತು. ಅದರ ಹಳೇ ಅಕ್ಷರ ಓದಲು ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಓದಲು ಬಾರದ್ದಕ್ಕೆ ಭಕ್ತಿ ಜಾಸ್ತಿ ಎನ್ನುವುದು ಲೋಕರೂಢಿ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಕಟ್ಟನ್ನು ಇಳಿಸಿ, ಗರಿಗಳಿಗೆ ಎಣ್ಣೆ, ಕಾಡಿಗೆ ಸವರುತ್ತಿದ್ದರು. ಆ ವರ್ಷ ಮನೆಯಲ್ಲಿ ಕೂಸು ಹುಟ್ಟಿದ್ದರೆ, ಮಿಕ್ಕ ಕಾಡಿಗೆಯನ್ನು ಅದರ ಬಲಗೈಗೆ ಬಳಿದು, ಕಟ್ಟು ಸುತ್ತುವ ಕೋರಾ ಬಟ್ಟೆಯ ಮೇಲೆ ಒತ್ತಿಸುತ್ತಿದ್ದರು. ಕೈಗೆ ಅಕ್ಷರ ಹತ್ತಲಿ ಎಂದು. ನಾಲ್ಕು ತಲೆಮಾರಿನ ಪುಟ್ಟ ಕೈಗಳು ಆ ಬಟ್ಟೆಯ ಮೇಲಿದ್ದವು. ಪುಟ್ಟಬಸವಯ್ಯನದೂ ಇತ್ತು, ಮಾಸಿಹೋಗಿ. ಅಂಚಿನ ಹತ್ತಿರ ಇದ್ದದ್ದು ರಾಣಿಯದು. ಅವಳ ಕೈ ಹಿಡಿದು ಒತ್ತಿಸಿದ್ದು ಪುಟ್ಟಬಸವಯ್ಯನ ಅಕ್ಕ ಚಿಕ್ಕಬಸಮ್ಮ. ಕೂಸು ಕೈ ಕಿತ್ತುಕೊಳ್ಳಲು ಹೋಗಿ ಹೆಬ್ಬೆರಳು ಎರಡು ಸಲ ಮೂಡಿತ್ತು.

ಮಗು ಹೋದ ಮರುವರ್ಷ ಮಹದೇವಮ್ಮ ತಮ್ಮನ ಮದುವೆಗೆಂದು ತವರೂರು ಹದಿನಾರಿಗೆ ಹೋಗಿ, ಎಂಟು ದಿನ ಇದ್ದು ಬಂದಳು. ಬಂದು ನೋಡಿದರೆ ದೇವರ ಗೂಡು ಖಾಲಿ.

"ಯೂನಿವರ್ಸಿಟಿಯೋರು ಬಂದಿದ್ರು. ಅಳೇ ಓಲೆಗಳ್ನ ಕೇಳ್ಕಂಡು ಊರೂರು ಸುತ್ತಾವ್ರೆ. ಕೊಟ್ಬುಟ್ಟೆ. ಅಲ್ಲಿ ಭದ್ರವಾಗಿರ್ತದೆ" ಎಂದ ಪುಟ್ಟಬಸವಯ್ಯ.

"ಒಂದ್ಸಲ ಮಣ್ಣಿಗಾಕ್ದೆ. ಇನ್ನೊಂದ್ಸಲ ದಾನ ಮಾಡ್ದೆ" ಎಂದಳು ಅವಳು.

ಅವನು ತಲೆ ತಗ್ಗಿಸಿದ. ಅವನಿಗೆ ಬರುತ್ತಿದ್ದ ವಿದ್ಯೆ ಅದೊಂದೇ. ಅವಳು ಆ ತಿಂಗಳೆಲ್ಲ ಬೈದಳು, ಅತ್ತಳು, ಊಟ ಬಿಟ್ಟಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಆಮೇಲೆ ರಾಣಿಯ ಹೆಸರನ್ನೇ ಎತ್ತಬಾರದು ಎಂದು ಬಾಯಿಗೆ ಬೀಗ ಹಾಕಿಕೊಂಡಳು. ಅವನೂ ಎತ್ತಲಿಲ್ಲ. ಅವನಿಗೆ ಮರೆತೇ ಹೋಯಿತು ಎಂದು ಅವಳು ತೀರ್ಮಾನ ಮಾಡಿದಳು. ಕಟ್ಟು ಎಲ್ಲಿದೆ, ಯಾರ ಹತ್ತಿರ ಇದೆ ಎಂದು ಕೇಳಬಹುದಿತ್ತು. ಕೇಳಿದರೆ ಸೋತ ಹಾಗೆ. ಆ ಛಲದಲ್ಲೇ ಒಬ್ಬ ಮಗ ಹುಟ್ಟಿ, ಓದಿ, ಲೈನ್‌ಮನ್ ಕೆಲಸಕ್ಕೆ ಸೇರಿ, ಮದುವೆಯಾಗಿ ಬೇರೆ ಊರಿಗೆ ಹೋದ.

ಪುಟ್ಟಬಸವಯ್ಯ ಲಕ್ವ ಹೊಡೆದು ಎರಡು ವರ್ಷ ಮಲಗಿದ್ದು, ಹೋದ ಕಾರ್ತಿಕದಲ್ಲಿ ತೀರಿಕೊಂಡ. ಪಿಂಚಣಿ ಕಾಗದಕ್ಕೆಂದು ಅವನ ಟ್ರಂಕು ತೆಗೆದಾಗ ತಳದಲ್ಲಿ ಒಂದು ರಸೀದಿ ಸಿಕ್ಕಿತು. ಮಹದೇವಮ್ಮ ವಯಸ್ಕರ ಶಾಲೆಯಲ್ಲಿ ಕಲಿತ ಅಕ್ಷರ ಕೂಡಿಸಿ ಓದಿದಳು. "ಓಲೆಗರಿ ಕಟ್ಟು ಒಂದು, ಹಲಗೆ ಎರಡು, ಬಟ್ಟೆ ಸಮೇತ." ಮೇಲೆ ವಿಶ್ವವಿದ್ಯಾಲಯದ ಹಸ್ತಪ್ರತಿ ಭಂಡಾರದ ಮೊಹರು, ಕೆಳಗೆ ತಾಂಡವಪುರದ ವಿಳಾಸ.

ಬಟ್ಟೆ ಸಮೇತ. ಅಷ್ಟು ಓದಿದ ಮೇಲೆ ಅವಳಿಗೆ ನಿದ್ದೆ ಹತ್ತಲಿಲ್ಲ. ಸರ್ಕಾರದ ಮೊಹರಿನ ಕೆಳಗೆ ಬರೆದಿದ್ದಾರೆ ಎಂದರೆ ಇರಲೇಬೇಕು. ಒಂದು ಸಲ ನೋಡಬೇಕು, ಆ ಕೈ ಮೇಲೆ ತನ್ನ ಕೈ ಇಡಬೇಕು. ಅದಕ್ಕಿಂತ ಹೆಚ್ಚಿನದು ಅವಳಿಗೆ ಏನೂ ಬೇಕಿರಲಿಲ್ಲ.

"ಓಗಿದ್ದು ಬಾ ಮಾದೇವಿ. ನನ್ ಕಣ್ಣಂತೂ ಓಯ್ತು. ನೀನು ನೋಡ್ಕಂಡು ಬಂದು ನಂಗೇಳು" ಎಂದಳು ಚಿಕ್ಕಬಸಮ್ಮ. ಅವಳಿಗೆ ಈಗ ಎಂಬತ್ತರ ಹತ್ತಿರ. ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದವಳು. ಮಹದೇವಮ್ಮ ಕೂಲಿಗೆ ಹೋದಾಗಲೆಲ್ಲ ರಾಣಿಯನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದವಳು ಅವಳೇ. ಮಗು ಪ್ರಾಣ ಬಿಟ್ಟದ್ದೂ ಅವಳ ತೊಡೆಯ ಮೇಲೆ.

ಸೋಮವಾರ ಬೆಳಿಗ್ಗೆ ಮಹದೇವಮ್ಮ ಹೊರಟಳು. ನರಸೀಪುರದಲ್ಲಿ ಬಸ್ಸು ಬದಲಿಸಿ ನಂಜನಗೂಡು, ಅಲ್ಲಿಂದ ಮೈಸೂರು ಬಸ್ಸು ಹತ್ತಿ ತಾಂಡವಪುರ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸೀಟು ಸಿಕ್ಕರೆ ಪುಣ್ಯ. ನಂಜನಗೂಡಿನವರೆಗೆ ನಿಂತೇ ಬಂದಳು. ಪಕ್ಕದ ಹೆಂಗಸು "ದೇವ್ರಿಗಾ?" ಎಂದು ಕೇಳಿದಳು. "ಊಂ" ಎಂದಳು. ಮೂವತ್ತು ವರ್ಷದ ಮಾತನ್ನು ಬಸ್ಸಿನಲ್ಲಿ ಹೇಳಲಾಗುತ್ತದೆಯೇ?

ಹಸ್ತಪ್ರತಿ ಭಂಡಾರ ರಸ್ತೆಯಿಂದ ಒಳಗೆ, ನೀಲಗಿರಿ ಮರಗಳ ನಡುವೆ ಇತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಗೇಟಿನಲ್ಲಿ ಒಬ್ಬ ಸೆಕ್ಯೂರಿಟಿ. ಪಿಎಚ್‌ಡಿಯವರಾ, ಗೈಡ್ ಪತ್ರ ತಂದಿದ್ದೀರಾ ಎಂದು ಐವತ್ತೆಂಟು ವರ್ಷದ ಬಿಸಿಯೂಟದ ಅಡುಗೆಯವಳನ್ನು ಕೇಳಿದ. ಅವಳು ಆಧಾರ್ ಕಾರ್ಡನ್ನೂ ರಸೀದಿಯನ್ನೂ ಒಟ್ಟಿಗೇ ಅವನ ಕೈಗೆ ಕೊಟ್ಟು ಬಿಸಿಲಲ್ಲಿ ನಿಂತಳು. ಅವನು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿ, ಚೀಲ ಇಲ್ಲೇ ಇಡಿ ಎಂದು ಹೇಳಿ ಒಳಗೆ ಬಿಟ್ಟ.

ಒಳಗಿದ್ದದ್ದು ಕವನ ಎಂಬ ಹುಡುಗಿ. ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ರಸೀದಿ ನೋಡಿ ಅವಳ ಮುಖ ಅರಳಿತು.

"ಕೂತ್ಕೊಳ್ಳಿ ಅಮ್ಮ. ಕೊಟ್ಟೋರ ಮನೆಯಿಂದ ಯಾರೂ ಬರೋದೇ ಇಲ್ಲ ಗೊತ್ತಾ? ನಾನು ಬಂದ ಮೇಲೆ ನೀವೇ ಮೊದಲು" ಎಂದು ಫ್ಯಾನು ಹಾಕಿದಳು. ಕಬ್ಬಿಣದ ಬಾಗಿಲು ತೆಗೆದು ಒಳಗೆ ಹೋದಳು.

ಕೋಣೆ ತಂಪಾಗಿತ್ತು. ನಿಂಬೆಹುಲ್ಲಿನ ಎಣ್ಣೆಯ ವಾಸನೆ. ಗೋಡೆಯುದ್ದಕ್ಕೂ ಗಾಜಿನ ಬೀರು, ಅವುಗಳೊಳಗೆ ಕೆಂಪು ಬಟ್ಟೆಯ ಗಂಟುಗಳು, ಒಂದೊಂದಕ್ಕೂ ನಂಬರು. ಎಷ್ಟು ಮನೆಗಳ ದೇವರ ಗೂಡು ಖಾಲಿಯಾಗಿರಬೇಕು ಎಂದು ಅವಳಿಗೆ ಅನ್ನಿಸಿತು. ಆ ಮನೆಗಳ ಹೆಂಗಸರು ಏನು ಮಾಡಿದರೋ. ಎರಡೂ ಕೈ ಸೆರಗಿಗೆ ಒರೆಸಿಕೊಂಡಳು.

ಕವನ ಎರಡೂ ಕೈಯಲ್ಲಿ ಕಟ್ಟನ್ನು ಹಿಡಿದು ತಂದು ಮೇಜಿನ ಮೇಲಿಟ್ಟಳು. ಕೆಂಪು ಬಟ್ಟೆ ಬಿಚ್ಚಿದಳು. ಅದೇ ಹಲಗೆ, ಅದೇ ಗರಿಗಳು. ಎಣ್ಣೆ ಹಚ್ಚಿ ಫಳಫಳ ಎನ್ನುತ್ತಿದ್ದವು.

"ಇದರಲ್ಲಿ ಏನಿದೆ ಗೊತ್ತಾ ಅಮ್ಮ? ದನದ ವೈದ್ಯ. ನೋಡಿ ಇಲ್ಲಿ, ಹಸುವಿನ ಹೊಟ್ಟೆ ಉಬ್ಬರಕ್ಕೆ ಓಮ, ಶುಂಠಿ, ಹಳೇ ಬೆಲ್ಲ. ತುಂಬಾ ಅಪರೂಪದ ಪ್ರತಿ."

ನಾಲ್ಕು ತಲೆಮಾರು ಎಡೆ ಇಟ್ಟು, ಹಣೆ ಹಚ್ಚಿ ನಮಸ್ಕಾರ ಮಾಡಿದ್ದು ದನದ ಹೊಟ್ಟೆಯುಬ್ಬರಕ್ಕೆ. ಬೇರೆ ದಿನವಾಗಿದ್ದರೆ ಮಹದೇವಮ್ಮ ನಕ್ಕುಬಿಡುತ್ತಿದ್ದಳು. ಈಗ ಅವಳ ಕಣ್ಣು ಗರಿಯ ಮೇಲೆ ಇರಲಿಲ್ಲ. ಮೇಜಿನ ಮೇಲೆ ಹರಡಿದ್ದ ಕೆಂಪು ಬಟ್ಟೆಯ ಅಂಚು ಎತ್ತಿ ನೋಡಿದಳು, ಅಡಿ ನೋಡಿದಳು.

"ಬಟ್ಟೆ ಎಲ್ಲದೆ ತಾಯಿ?"

"ಇದೇ ಅಲ್ವಾ ಅಮ್ಮ?"

"ಇದಲ್ಲ. ಕೋರಾ ಬಟ್ಟೆ. ಕರೀ ಗುರುತು ಇರ್ತದೆ ಅದ್ರ ಮೇಲೆ. ರಸೀತಿಲಿ ಬರ್ದವ್ರೆ ನೋಡು, ಬಟ್ಟೆ ಸಮೇತ ಅಂತ."

ಕವನ ರಸೀದಿಯನ್ನು ಇನ್ನೊಮ್ಮೆ ಓದಿದಳು. ಕಂಪ್ಯೂಟರಿನಲ್ಲಿ ನಂಬರು ಹಾಕಿ ನೋಡಿದಳು. ಅದರಲ್ಲಿ ಬಟ್ಟೆಯ ವಿಚಾರ ಇರಲಿಲ್ಲ. ಬೀರುವಿನಿಂದ ಹಳೇ ರಿಜಿಸ್ಟರು ತೆಗೆದು, ಬೆರಳಿಟ್ಟು ಹುಡುಕಿದಳು. ಬೆರಳು ಒಂದು ಕಡೆ ನಿಂತಿತು.

"ಅಮ್ಮ, ಹದಿನೈದು ವರ್ಷದ ಹಿಂದೆ ಎಲ್ಲಾ ಕಟ್ಟುಗಳ ಹಳೇ ಬಟ್ಟೆನೂ ತೆಗೆದುಬಿಟ್ಟಿದ್ದಾರೆ. ಹುಳ ಹಿಡಿದಿತ್ತಂತೆ. ಗರಿಗಳಿಗೆ ಹತ್ತಬಾರದು ಅಂತ. ಸುಟ್ಟಿದ್ದಾರೆ ಅಂತ ಬರೆದಿದೆ."

ಮಹದೇವಮ್ಮ ಮೇಜಿನ ಮೇಲಿದ್ದ ರಸೀದಿಯನ್ನು ಎತ್ತಿಕೊಂಡು ಮಡಚಿದಳು.

"ಗರಿ ಒಂದೂ ಹಾಳಾಗಿಲ್ಲ ಅಮ್ಮ. ಎಲ್ಲದರ ಫೋಟೋ ತೆಗೆದಿದ್ದೀವಿ. ಬಟ್ಟೆಯದು ಮಾತ್ರ ತೆಗೆದಿಲ್ಲ. ಅದರ ಮೇಲೆ ಏನಾದರೂ ಬರೆದಿತ್ತಾ?"

"ಏನಿಲ್ಲ ಬುಡು ತಾಯಿ."

ಕವನಳಿಗೆ ಏನು ಮಾಡಬೇಕೋ ತೋಚಲಿಲ್ಲ. ಒಳ್ಳೆಯ ಹುಡುಗಿ. ಗರಿಗಳ ಫೋಟೋ ಪ್ರಿಂಟು ಹಾಕಿಕೊಡುತ್ತೇನೆ, ಹತ್ತು ನಿಮಿಷ ಹೊರಗೆ ಕೂತಿರಿ ಎಂದಳು. ಮಹದೇವಮ್ಮ ಬೇಡ ಎನ್ನಲಿಲ್ಲ. ಎದ್ದು ಬಂದು ಪಡಸಾಲೆಯ ಬೆಂಚಿನ ಮೇಲೆ ಕೂತಳು.

ಅಳು ಬರಬೇಕಿತ್ತು. ಬರಲಿಲ್ಲ. ಬಂದದ್ದು ಸಿಟ್ಟು. ಸಿಟ್ಟು ಮಾಡಿಕೊಳ್ಳುವುದು ಅವಳಿಗೆ ರೂಢಿ, ಯಾರ ಮೇಲೆ ಎಂಬುದೂ ರೂಢಿ. ಭದ್ರವಾಗಿರ್ತದೆ ಅಂದೆಯಲ್ಲ, ನೋಡು ಬಾ, ದನದ ಮದ್ದು ಭದ್ರವಾಗಿದೆ, ಎಂದು ಸತ್ತ ಗಂಡನನ್ನು ಮನಸ್ಸಿನಲ್ಲೇ ಹಿಡಿದು ನಿಲ್ಲಿಸಿ ಬೈದಳು.

ಅಷ್ಟರಲ್ಲಿ ಖಾಕಿ ಪ್ಯಾಂಟಿನ ವಯಸ್ಸಾದ ಅಟೆಂಡರ್ ಒಬ್ಬ ಊಟದ ಡಬ್ಬಿ ಹಿಡಿದು ಬಂದ. ಜೇಬಿನ ಮೇಲೆ ನಾಗೇಂದ್ರ ಎಂದು ಬಿಲ್ಲೆ. ಗೇಟಿನ ಪುಸ್ತಕದಲ್ಲಿ ಊರು ನೋಡಿಕೊಂಡೇ ಬಂದಿದ್ದನೇನೋ, ಅವಳ ಮುಂದೆ ಬಂದು ನಿಂತ.

"ಮೂಗೂರಿಂದ ಬಂದ್ರಾ ಅವ್ವ? ಪುಟ್ಟಬಸವಯ್ಯನೋರ ಮನೆಯೋರಾ?"

"ಊಂ."

ಅವನು ಗಂಟಲು ಸರಿಮಾಡಿಕೊಂಡ. ಮೇಷ್ಟರ ಮುಂದೆ ಪಾಠ ಒಪ್ಪಿಸುವವನ ಹಾಗೆ ನೆಟ್ಟಗೆ ನಿಂತು, ಅವಳನ್ನು ನೋಡದೆ ಗೋಡೆ ನೋಡುತ್ತ ಹೇಳಿದ. "ನಿಮ್ ಬಟ್ಟೆ ಭದ್ರವಾಗದೆ ಕಣವ್ವ. ಒಳಗಡೆ ಬೀಗ ಹಾಕಿ ಮಡಗವ್ರೆ. ಹೊರಕ್ಕೆ ತೆಗೆಯಂಗಿಲ್ಲ, ಆರ್ಡರ್ ಇಲ್ಲ. ನೀವೇನೂ ಯೋಚ್ನೆ ಮಾಡ್ಬೇಡಿ."

ಮಹದೇವಮ್ಮ ಅವನ ಮುಖವನ್ನೇ ನೋಡಿದಳು.

"ನಾನು ನಿಮಗೆ ಬಟ್ಟೆ ವಿಚಾರ ಏಳೇ ಇಲ್ವಲ್ಲ ಸಾ."

ನಾಗೇಂದ್ರ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಸುಟ್ಟಾಕವ್ರೆ ಅಂತ ಆ ಮಗಳು ಈಗ್ತಾನೆ ಪುಸ್ತಕ ನೋಡಿ ಏಳುದ್ಲು. ನೀವ್ಯಾಕೆ ಇಂಗಂತೀರಿ? ಯಾರು ಏಳ್ಕೊಟ್ರು?"

ನಾಗೇಂದ್ರ ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಆ ಕಡೆ ತುದಿಯಲ್ಲಿ ಕೂತ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ಸಿಕ್ಕಿಬಿದ್ದದ್ದಕ್ಕೆ ಅವನಿಗೆ ಹಗುರವಾದ ಹಾಗಿತ್ತು.

"ನಿಮ್ ಯಜಮಾನ್ರೇ ಕಣವ್ವ. ನನ್ ಕೈಲಿ ಭಾಷೆ ತಗಂಡಿದ್ರು. ನನ್ ಹೆಂಡ್ರು ಯಾವತ್ತಾದ್ರೂ ಬಂದ್ರೆ ಇಂಗೇಳಿ ಸಾ ಅಂತ. ನಾನು ಊಟಕ್ಕೆ ಓಗ್ಬಾರ್ದಾಗಿತ್ತು."

"ಅವ್ರು ಇಲ್ಲಿಗೆ ಬಂದಿದ್ರಾ?"

"ಬಂದಿದ್ರಾ ಅಂತೀರಲ್ಲ. ವರ್ಷ ವರ್ಷ ಬರೋರು. ಸಂಕ್ರಾಂತಿ ಕಳೆದ ಸೋಮವಾರ. ಓಲೆ ಕಡೆ ತಿರುಗಿಯೂ ನೋಡ್ತಿರ್ಲಿಲ್ಲ. ಬಟ್ಟೆ ಬಿಚ್ಚಿ ಮೇಜಿನ ಮೇಲೆ ಹಾಸೋರು. ಆ ಮಗೀನ ಕೈ ಪಕ್ಕದಲ್ಲಿ ಕೈ ಮಡಗಿ ಕೂತ್ಕಳೋರು. ಹಂಗೇ ಕಟ್ಟಿ ಕೊಟ್ಟು ಓಗೋರು. ಒಂದಿನ ನಾನೇ ಕೇಳ್ದೆ. ಗೋಡೆಗೆ ಗೆದ್ದಲು ಬಿದ್ದಿತ್ತಂತೆ ಕಣವ್ವ ನಿಮ್ಮನೇಲಿ. ಗೂಡಿನ ತಂಕ ಏರಿತ್ತಂತೆ. ಓಲೆ ತಿಂದ್ರೆ ತಿನ್ಲಿ ಸಾ, ನನ್ ಮಗಳ ಕೈ ತಿನ್ಬಾರ್ದು ಅಂತ ಕೊಟ್ಬುಟ್ಟೆ, ಅಂದ್ರು. ರಸೀತಿಲಿ ಬಟ್ಟೆ ಸಮೇತ ಅಂತ ಹಟ ಮಾಡಿ ಬರ್ಸಿದ್ದೂ ಅವ್ರೇಯ."

ಮಹದೇವಮ್ಮನಿಗೆ ನೆನಪಾಯಿತು. ಸಂಕ್ರಾಂತಿ ಕಳೆದ ಸೋಮವಾರ ಗಂಡ ನಂಜನಗೂಡಿಗೆ ದೇವರಿಗೆಂದು ಹೋಗುತ್ತಿದ್ದ. ಸಂಜೆ ಪ್ರಸಾದ ತಂದು ಕೊಡುತ್ತಿದ್ದ. ಮಗಳು ಸತ್ತ ದಿನಗಳು ಅವು. ದೇವರ ನೆನಪಿದೆ, ಮಗಳ ನೆನಪಿಲ್ಲ ಎಂದು ಒಳಗೊಳಗೇ ಬೈಯುತ್ತ ಅವಳು ಆ ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

"ಬಟ್ಟೆ ಸುಟ್ಟಿದ್ದು ಯಾರು?"

"ನಾನೇ ಕಣವ್ವ" ಎಂದ ನಾಗೇಂದ್ರ. "ಮೇಲಿನೋರು ಏಳುದ್ರು. ನಾನೂರು ಬಟ್ಟೆ. ರಜೆ ದಿನ, ಅವಸರ ಅವಸರ. ಯಾವುದು ಯಾರ್ದು ಅಂತ ನೋಡ್ಲಿಲ್ಲ. ಆ ವರ್ಷ ನಿಮ್ಮೋರು ಬಂದಾಗ ಏಳಕ್ಕೆ ನನಗೆ ಬಾಯೇ ಬರ್ಲಿಲ್ಲ. ಕಾಲು ಹಿಡ್ಕಂಡೆ. ಅವ್ರು ಬೈಲಿಲ್ಲ. ಎಲ್ಲಿ ಸುಟ್ರಿ ತೋರ್ಸಿ ಅಂದ್ರು. ಹಿಂದ್ಗಡೆ ತೋರ್ಸ್ದೆ. ಮಳೆ ಬಂದು ಏನೂ ಇರ್ಲಿಲ್ಲ ಅಲ್ಲಿ. ಇದೇ ಬೆಂಚಿನ ಮೇಲೆ ಬಂದು ಕೂತ್ರು, ನಾವು ಬಾಗಿಲು ಹಾಕೋ ತಂಕ. ಆಮೇಲೆ ಭಾಷೆ ತಗಂಡ್ರು. ನನ್ ಹೆಂಡ್ರು ಒಳಗೊಳಗೇ ಬೈತಾ ಅವ್ಳೆ ಸಾ, ಬೈಲಿ, ಅವ್ಳ ಪಾಲಿಗೆ ಅದು ಇನ್ನೂ ಅದೆ, ನನ್ ಪಾಲಿಗೆ ಇಲ್ದೇ ಓದ್ರೆ ಓಗ್ಲಿ, ಅಂದ್ರು."

"ಆಮೇಲೆ ಬರ್ಲಿಲ್ವಾ?"

"ಬರೋರು. ಕಾಲು ಬಿದ್ದೋಗೋ ತಂಕ ಬಂದ್ರು. ನೋಡಕ್ಕೆ ಏನೂ ಇಲ್ದಿದ್ರೂವೆ."

ಕವನ ಪ್ರಿಂಟು ಹಾಕಿದ ಹಾಳೆಗಳನ್ನು ಕವರಿನಲ್ಲಿ ಹಾಕಿ ತಂದಳು. ಬೆಂಚಿನ ಹತ್ತಿರ ಬಂದು ಮಹದೇವಮ್ಮನ ಕೈಗಿಟ್ಟಳು. ಮಹದೇವಮ್ಮ ಎದ್ದು ನಿಂತು, ನಾಗೇಂದ್ರನಿಗೆ ಏನೋ ಹೇಳಬೇಕೆಂದು ಬಾಯಿ ತೆರೆದಳು. ಬೈಯಲೂ ಆಗಲಿಲ್ಲ, ಹರಸಲೂ ಆಗಲಿಲ್ಲ. "ಊಟ ಮಾಡಿ ಸಾ, ತಣ್ಗಾಗ್ತದೆ" ಎಂದಳು. ಅವನು ಊಟ ಮುಗಿಸಿ ಬಂದವನು, ಆದರೂ ತಲೆಯಾಡಿಸಿದ.

ವಾಪಸು ಬರುವಾಗ ಸೀಟು ಸಿಕ್ಕಿತು. ಕಿಟಕಿಗೆ ತಲೆ ಕೊಟ್ಟು ಕೂತಳು. ಕಪಿಲೆಯ ಸೇತುವೆ ದಾಟಿದಾಗ ಅಳು ಬಂತು, ತಡೆಯಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಅಂದವನನ್ನು ಒಂದು ವರ್ಷ ಅಂಥ ಮನೆಯಲ್ಲಿ ಇಟ್ಟು ನೋಡಬೇಕಿತ್ತು. ರಾಣಿಯ ಬಗ್ಗೆ ನಮ್ಮ ಮಗಳು ಎಂದು ಮಾತಾಡಲು ಈ ಭೂಮಿಯ ಮೇಲೆ ಅವಳಿಗೆ ಇದ್ದದ್ದು ಒಬ್ಬನೇ ಮನುಷ್ಯ. ಅವನು ಮೂವತ್ತು ವರ್ಷ ಪಕ್ಕದ ಚಾಪೆಯ ಮೇಲೇ ಮಲಗಿದ್ದ. ಕೈ ಚಾಚಿದರೆ ಸಿಗುತ್ತಿದ್ದ. ಲಕ್ವ ಹೊಡೆದು ಮಲಗಿದಾಗಲೂ, ಬಾಯಿಗೆ ಗಂಜಿ ಹಾಕುವಾಗ, ನನ್ನ ಮಗಳ ಗುರುತು ಯಾರಿಗೋ ಕೊಟ್ಟವನು ಎಂಬುದನ್ನು ಅವಳು ಮರೆತಿರಲಿಲ್ಲ. ಅವನು ಅವಳನ್ನೇ ನೋಡುತ್ತ ಗಂಜಿ ಕುಡಿಯುತ್ತಿದ್ದ. ಗೊತ್ತಾಯಿತು ಎಂದು ಅವನಿಗೆ ಈಗ ಹೇಳಬೇಕು. ಹೇಳಲು ಅವನಿಲ್ಲ. ಜಗಳ ಮುಗಿಸಲೂ ಇಬ್ಬರು ಬೇಕು.

ನರಸೀಪುರ ಬರುವ ಹೊತ್ತಿಗೆ ಕಣ್ಣೊರೆಸಿಕೊಂಡು ಒಂದು ತೀರ್ಮಾನಕ್ಕೆ ಬಂದಳು. ಅತ್ತಿಗೆಗೆ ಎಲ್ಲ ಹೇಳಿಬಿಡುವುದು, ಬಟ್ಟೆ ಇಲ್ಲ ಎಂದೇ ಹೇಳುವುದು. ಮುಚ್ಚಿಟ್ಟು ಕೆಟ್ಟದ್ದು ಸಾಕು. ಇಬ್ಬರು ಹೆಂಗಸರು ಕೂತು ಒಟ್ಟಿಗೆ ಒಂದು ಸಲ ಅತ್ತರೆ ಏನು ಗಂಟು ಹೋಗುತ್ತದೆ?

ಚಿಕ್ಕಬಸಮ್ಮ ಜಗಲಿಯ ಮೇಲೆ ಕಾದು ಕೂತಿದ್ದಳು. ತಲೆ ಬಾಚಿ, ಬೇರೆ ಸೀರೆ ಉಟ್ಟಿದ್ದಳು, ಯಾರೋ ನೆಂಟರು ಬರುತ್ತಾರೆ ಎನ್ನುವವಳ ಹಾಗೆ. ಹೆಜ್ಜೆ ಸಪ್ಪಳಕ್ಕೇ ಮುಖ ಎತ್ತಿದಳು.

"ಮಾದೇವೀ? ನೋಡ್ದಾ?"

ಮಹದೇವಮ್ಮ ಪಕ್ಕದಲ್ಲಿ ಕೂತಳು. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಬೆಳಗಿಂದ ನನ್ ಜೀವ ಜೀವ್ದಾಗಿಲ್ಲ ಕಣವ್ವ" ಎಂದಳು ಚಿಕ್ಕಬಸಮ್ಮ. "ನನ್ ತೊಡೆ ಮ್ಯಾಲೆ ಓಯ್ತು ಕೂಸು. ನನ್ ಕೈಯಾರೆ ಒತ್ತುಸ್ದ ಕೈ ಅದೊಂದಾದ್ರೂ ಎಲ್ಲೋ ಒಂದ್ಕಡೆ ಇರ್ಲಿ ಶಿವ್ನೇ ಅಂತ ದಿನಾ ಕೇಳ್ಕತೀನಿ. ಏಳು, ಅದಾ?"

"ಅದೆ ಅತ್ಗೆ" ಎಂದಳು ಮಹದೇವಮ್ಮ.

"ಚೆಂದಾಗದಾ?"

"ಚೆಂದಾಗದೆ. ಗಾಜಿನ ಬೀರುಲಿ ಮಡಗವ್ರೆ."

"ನನ್ನೂ ಒಂದ್ಸಲ ಕರ್ಕಂಡೋಗ್ತಿಯಾ? ಕಣ್ಣು ಕಾಣ್ದಿದ್ರೂ ಮುಟ್ಟಿ ನೋಡ್ತೀನಿ."

"ಮುಟ್ಟಕ್ಕೆ ಕೊಡಕಿಲ್ವಂತೆ. ಆರ್ಡರ್ ಇಲ್ವಂತೆ."

"ಅಂಗಾ? ಓಗ್ಲಿ ಬುಡು. ಇದ್ರೆ ಸಾಕು" ಎಂದು ಚಿಕ್ಕಬಸಮ್ಮ ಗೋಡೆಗೊರಗಿದಳು. ಆಮೇಲೆ, ಹಸಿವಾಗ್ತದೆ ಕಣವ್ವ ಎಂದಳು. ಅವಳ ಬಾಯಲ್ಲಿ ಆ ಮಾತು ಬಂದು ಎಷ್ಟೋ ದಿನವಾಗಿತ್ತು.

ಮಹದೇವಮ್ಮ ಒಲೆ ಹಚ್ಚಿ ಮುದ್ದೆ ತಿರುವಿದಳು, ಬೆಳಗಿನ ಹುರುಳಿ ಸಾರು ಕಾಯಿಸಿದಳು. ಚಿಕ್ಕಬಸಮ್ಮ ಒಂದು ಮುದ್ದೆ ಮುಗಿಸಿ ಇನ್ನರ್ಧ ಹಾಕಿಸಿಕೊಂಡಳು. ಮಹದೇವಮ್ಮ ಎದುರಿಗೆ ತಟ್ಟೆ ಇಟ್ಟುಕೊಂಡು ಕೂತಳು. ತುತ್ತು ಮುರಿದಳು, ಸಾರಿಗೆ ಅದ್ದಿದಳು, ನುಂಗಲು ಆಗಲಿಲ್ಲ. ಇದೇ ಜಾಗದಲ್ಲಿ ಕೂತು, ತನ್ನನ್ನು ಎದುರಿಗಿಟ್ಟುಕೊಂಡು, ಅವನು ಹನ್ನೆರಡು ವರ್ಷ ದಿನಾ ಎರಡು ಹೊತ್ತು ಹೇಗೆ ಉಂಡನೋ ಎಂದುಕೊಳ್ಳುತ್ತ ಅತ್ತಿಗೆಯ ತಟ್ಟೆಗೆ ಸಾರು ಬಡಿಸಿದಳು.